ಕಿಮೋ ನಡುವೆ ನಮ್ಮ ಓಣಿಯ ನಾಯಿಗಳು

ನನ್ನ ಮನೆ ಧಾರವಾಡದ ಸಪ್ತಾಪುರದ ಕಡೆ. ಬೀದಿ ನಾಯಿಗಳಿಗೆ ಊಟ ಹಾಕುವುದು, ಸಂತಾನಹರಣ ಆಪರೇಷನ್ ಮಾಡಿಸುವುದು, ವರ್ಷಕ್ಕೊಮ್ಮೆ ರೇಬೀಸ್ ಲಸಿಕೆ ಹಾಕಿಸುವುದು, ಇದನ್ನೆಲ್ಲ ನಾವು ಕೆಲವರು ಸೇರಿ ಬಹಳ ವರ್ಷದಿಂದ ಮಾಡುತ್ತಿದ್ದೇವೆ. ನನಗೆ ಸ್ತನ ಕ್ಯಾನ್ಸರ್ ಅಂತ ಗೊತ್ತಾದಾಗ ಮನೆಯಲ್ಲಿ ಎಲ್ಲರದೂ ಒಂದೇ ಮಾತು: "ಇನ್ನ ನಾಯಿ ಗೀಯಿ ಎಲ್ಲಾ ಬಿಟ್ಟಬಿಡು." ನಾನು ಬಿಡಲಿಲ್ಲ. ಆದರೆ ನಾಯಿಗಳನ್ನು ಮುಟ್ಟುವುದನ್ನು ಬಿಟ್ಟೆ. ಮುಟ್ಟದೆ ಮಾಡುವ ಕೆಲಸ ಎಷ್ಟೊಂದು ಇದೆ ಅಂತ ನನಗೆ ಆಗಲೇ ತಿಳಿದದ್ದು.

ಹುಬ್ಬಳ್ಳಿ ನವನಗರದ ಆಸ್ಪತ್ರೆಯಲ್ಲಿ ಡಾಕ್ಟರಿಗೆ ಮೊದಲೇ ಎಲ್ಲ ಬಿಚ್ಚಿ ಹೇಳಿದೆ. "ನಾಯಿ ಅಂದ್ರೆ ಇಷ್ಟ" ಅಂತ ಹೇಳಿದರೆ ಸಾಲದು ನೋಡಿ. ಬೀದಿ ನಾಯಿ, ಮರಿಗಳು, ಗಾಯ ತೊಳೆಯುವುದು, ಹಿಡಿದು ಗಾಡಿಗೆ ಹತ್ತಿಸುವುದು, ಹೀಗೆ ಮಾಡುವ ಕೆಲಸವನ್ನೇ ಹೇಳಬೇಕು. ನನ್ನ ಕಿಮೋ 21 ದಿನಕ್ಕೊಮ್ಮೆ. ಔಷಧಿ ಕೊಟ್ಟ ಮೇಲೆ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣ ಇಳಿಯುತ್ತಾ ಹೋಗಿ, ಸುಮಾರು 7ರಿಂದ 14ನೇ ದಿನದ ನಡುವೆ ತೀರಾ ಕಡಿಮೆ ಆಗುತ್ತವೆ. ಆಮೇಲೆ ಮೆಲ್ಲಗೆ ಏರುತ್ತವೆ. ಗೋಡೆಯ ಕ್ಯಾಲೆಂಡರಿನಲ್ಲಿ ಆ ವಾರಕ್ಕೆ ಕೆಂಪು ಗೆರೆ ಎಳೆದುಬಿಟ್ಟೆ. ಆ ವಾರ ನಾಯಿಗಳ ಹತ್ತಿರ ಹೋಗುವ ಮಾತೇ ಇಲ್ಲ. ಜನ ತುಂಬಿದ ಚಿಗರಿ ಬಸ್ಸೂ ಇಲ್ಲ. ಮೂರನೇ ವಾರ ರಕ್ತದ ರಿಪೋರ್ಟ್ ನೋಡಿಕೊಂಡು ಬೀದಿಗೆ ಬರುತ್ತಿದ್ದೆ. ದೂರದಲ್ಲೇ ನಿಂತು ಮಾತಾಡಿಸುತ್ತಿದ್ದೆ.

ಮರಿಗಳನ್ನು ಎತ್ತಿಕೊಳ್ಳದೆ ಇರುವುದು ಬಹಳ ಕಷ್ಟ ಆಯಿತು. ಆದರೆ ಅದಕ್ಕೆ ಕಾರಣ ಇದೆ. ಭೇದಿ ಆದ ಮರಿಯ ಹೇಲಿನಲ್ಲಿ ಕ್ಯಾಂಪೈಲೋಬ್ಯಾಕ್ಟರ್ ಅನ್ನುವ, ಮನುಷ್ಯರಿಗೂ ಭೇದಿ ತರುವ ಬ್ಯಾಕ್ಟೀರಿಯಾ ಇರಬಹುದು. ಚೆನ್ನಾಗಿರುವ ನಾಯಿಯ ಜೊಲ್ಲಿನಲ್ಲೂ ನಮ್ಮಂಥವರ ರಕ್ತಕ್ಕೆ ಸೇರಿದರೆ ಅಪಾಯ ಮಾಡುವ ಬ್ಯಾಕ್ಟೀರಿಯಾ ಇರುತ್ತವೆ. ಆಪರೇಷನ್‌ನಲ್ಲಿ ನನ್ನ ಎಡ ಕಂಕುಳಿನ ಲಿಂಫ್ ನೋಡ್ (ಸೋಂಕು ತಡೆಯುವ ಸಣ್ಣ ಗ್ರಂಥಿಗಳು) ತೆಗೆದಿದ್ದಾರೆ. ಆ ಕೈಗೆ ಸಣ್ಣ ಪರಚು ಆದರೂ ಸೋಂಕಾಗಿ ಬಾವು ಬರಬಹುದು, ಒಮ್ಮೆ ಬಂದ ಬಾವು ಸುಲಭಕ್ಕೆ ಹೋಗುವುದಿಲ್ಲ. ಹಾಗಾಗಿ ಎಡಗೈಯಲ್ಲಿ ಹಗ್ಗ ಹಿಡಿಯುವುದನ್ನು ಪೂರ್ತಿ ನಿಲ್ಲಿಸಿದೆ.

ರೇಬೀಸ್ ವಿಷಯ ಮಾತ್ರ ಎಲ್ಲರೂ ಸರಿಯಾಗಿ ತಿಳಿದಿರಬೇಕು. ಕಿಮೋ ನಡೆದಾಗ ಲಸಿಕೆ ಮೈಗೆ ಸರಿಯಾಗಿ ಹತ್ತದೆ ಇರಬಹುದು. ಅದಕ್ಕೇ ಪ್ರತಿರೋಧ ಶಕ್ತಿ ಕಡಿಮೆ ಇರುವವರಿಗೆ, ರಕ್ತ ಬಾರದ ಸಣ್ಣ ಪರಚಾದರೂ, ಲಸಿಕೆ ಜೊತೆಗೆ ಸೀರಮ್ (ರೇಬೀಸ್ ವಿರುದ್ಧದ ಸಿದ್ಧ ಪ್ರತಿಕಾಯ) ಕೂಡ ಕೊಡಬೇಕು. ಮೊದಲು 15 ನಿಮಿಷ ಸೋಪು ಹಚ್ಚಿ ಹರಿಯುವ ನೀರಲ್ಲಿ ಗಾಯ ತೊಳೆಯಬೇಕು. ಆಸ್ಪತ್ರೆಯಲ್ಲಿ "ನನಗೆ ಕಿಮೋ ನಡದೈತಿ" ಅಂತ ಬಾಯಿಬಿಟ್ಟು ಹೇಳಬೇಕು. ಇದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಂಡೆ.

ಇನ್ನು ನಮ್ಮ ಓಣಿಯ ನಾಯಿ ಕೆಂಚಿಯ ಕಥೆ ಹೇಳಲೇಬೇಕು. ನನ್ನ ಕಿಮೋ ನಡೆದಾಗಲೇ ಎದುರು ಮನೆಯ ಹುಡುಗ ಫೋನಿಗೆ ಒಂದು ವಿಡಿಯೊ ಕಳಿಸಿದ. ಕೆಂಚಿಗೆ ಹಿಂದಿನಿಂದ ರಕ್ತ ಸೋರುತ್ತಿತ್ತು, ಹೂಕೋಸಿನಂಥ ಗಡ್ಡೆ ಕಾಣುತ್ತಿತ್ತು. ವೆಟರ್ನರಿ ಡಾಕ್ಟರ್ ಗಡ್ಡೆಯ ಜೀವಕೋಶ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿ ಟಿವಿಟಿ ಅಂದರು. ಇದು ನಾಯಿಯಿಂದ ನಾಯಿಗೆ ಹರಡುವ ಕ್ಯಾನ್ಸರ್. ಹೆಚ್ಚಾಗಿ ಕೂಡುವಾಗ ಹರಡುತ್ತದೆ. ವೈರಸ್ಸಿನಿಂದ ಅಲ್ಲ, ಕ್ಯಾನ್ಸರ್ ಜೀವಕೋಶವೇ ಒಂದು ಮೈಯಿಂದ ಇನ್ನೊಂದು ಮೈಗೆ ಹೋಗಿ ಬೇರೂರುತ್ತದೆ. ಸಾವಿರಾರು ವರ್ಷದ ಹಿಂದೆ ಯಾವುದೋ ಒಂದೇ ನಾಯಿಯಲ್ಲಿ ಹುಟ್ಟಿದ ಕ್ಯಾನ್ಸರ್ ಇವತ್ತು ನಮ್ಮ ಓಣಿಗೂ ಬಂದಿದೆ ಅಂದರೆ ನನಗೆ ಇನ್ನೂ ಆಶ್ಚರ್ಯ. ಮನುಷ್ಯರಿಗೆ ಇದು ಹರಡುವುದಿಲ್ಲ.

ಇದಕ್ಕೆ ಕೊಡುವ ಔಷಧಿ ವಿನ್‌ಕ್ರಿಸ್ಟಿನ್. ಮನುಷ್ಯರ ಕೆಲವು ಕ್ಯಾನ್ಸರಿಗೂ ಅದೇ ಔಷಧಿ. ವಾರಕ್ಕೊಮ್ಮೆ ರಕ್ತನಾಳಕ್ಕೆ ಇಂಜೆಕ್ಷನ್. ರಕ್ತನಾಳದ ಹೊರಗೆ ಸೋರಿದರೆ ಸುತ್ತಲಿನ ಮಾಂಸ ಸುಡುತ್ತದೆ. ನನಗೆ ಕೊಡುತ್ತಿದ್ದ ಕೆಂಪು ಔಷಧಿಯೂ ಹಾಗೇ, ಅದಕ್ಕೇ ಅಲ್ಲಿ ನರ್ಸ್ ಕೈ ಬಿಡದೆ ನೋಡುತ್ತಾ ಕೂತಿರುತ್ತಿದ್ದರು. ಕೆಂಚಿಗೂ ಇಂಜೆಕ್ಷನ್ ಮೊದಲು ರಕ್ತಪರೀಕ್ಷೆ, ನನಗೂ ರಕ್ತಪರೀಕ್ಷೆ. ಇಬ್ಬರ ಬಿಳಿ ರಕ್ತಕಣದ ಲೆಕ್ಕವನ್ನೂ ನಾನು ಒಂದೇ ಡೈರಿಯಲ್ಲಿ ಬರೆಯುತ್ತಿದ್ದೆ. ನನ್ನ ಕೂದಲು ಪೂರ್ತಿ ಹೋಯಿತು, ಅದರ ಕೂದಲು ಉದುರಲಿಲ್ಲ. ನಾಯಿಗಳಿಗೆ ಹೆಚ್ಚಾಗಿ ಉದುರುವುದಿಲ್ಲ. ಅದನ್ನು ನೋಡಿ ನನಗೆ ನಿಜವಾಗಿ ಖುಷಿ ಆಯಿತು.

ಔಷಧಿ ಕೊಟ್ಟ ಮೇಲೆ ಕೆಲವು ದಿನ ಕೆಂಚಿಯ ಉಚ್ಚೆ, ಹೇಲು, ವಾಂತಿಯಲ್ಲೂ ಔಷಧಿ ಇರುತ್ತದೆ. ನೋಡಿಕೊಳ್ಳುವ ಹುಡುಗರಿಗೆ ಗ್ಲೌಸ್ ಇಲ್ಲದೆ ಮುಟ್ಟಬೇಡಿ ಅಂತ ಕಡ್ಡಾಯ ಮಾಡಿದೆ. ನನ್ನ ವಾಂತಿಯನ್ನೂ ಯಾವ ನಾಯಿಯೂ ನೆಕ್ಕಬಾರದು ಅಂತ ಹಿತ್ತಲಿನ ಬಾಗಿಲು ಹಾಕಿಸಿಬಿಟ್ಟೆ. ಟಿವಿಟಿ ಬಹುತೇಕ ಗುಣವಾಗುವ ಕ್ಯಾನ್ಸರ್. ಕೆಂಚಿಯ ಗಡ್ಡೆ ವಾರ ವಾರಕ್ಕೆ ಕರಗಿ ಹೋಯಿತು. ಆಮೇಲೆ ಸಂತಾನಹರಣ ಆಪರೇಷನ್ ಕೂಡ ಆಯಿತು.

ಇಂಥ ಕೆಲಸಕ್ಕೆ ಮಂಚದ ಮೇಲೆ ಮಲಗಿದವರೂ ಬೇಕು. ಓಣಿಯ ಪ್ರತಿ ನಾಯಿಯ ಫೋಟೊ, ಗಂಡೋ ಹೆಣ್ಣೋ, ಕಿವಿಯ ತುದಿಗೆ ಆಪರೇಷನ್ ಗುರುತಿನ ಕಚ್ಚು ಇದೆಯೋ ಇಲ್ಲವೋ, ಲಸಿಕೆ ಯಾವಾಗ ಆಯಿತು, ಎಲ್ಲ ನಾನೇ ಪಟ್ಟಿ ಮಾಡಿದೆ. ಪಾಲಿಕೆಗೆ ಫೋನ್ ಮಾಡುವುದು, ಗಾಡಿ ಗೊತ್ತು ಮಾಡುವುದು, ಔಷಧಿ ಖರ್ಚಿಗೆ ದುಡ್ಡು ಕೂಡಿಸುವುದು ನನ್ನ ಪಾಲಿಗೆ ಬಂತು. ಜಗಳವೂ ಬಂತು. ಒಬ್ಬ ಹಿರಿಯರು "ಅಕ್ಕಾರ, ಮೊಮ್ಮಕ್ಕಳು ಆಡೋ ಜಾಗಾದಾಗ ಅನ್ನ ಹಾಕಬ್ಯಾಡ್ರಿ" ಅಂದರು. ಅವರ ಮಾತು ಸರಿ. 2023ರ ಎಬಿಸಿ (ಪ್ರಾಣಿ ಸಂತಾನ ನಿಯಂತ್ರಣ) ನಿಯಮಗಳೂ ಊಟ ಹಾಕುವ ಜಾಗ ಮಕ್ಕಳು ಆಡುವ ಜಾಗದಿಂದ, ಮೆಟ್ಟಿಲು ಬಾಗಿಲುಗಳಿಂದ ದೂರ ಇರಬೇಕು ಅನ್ನುತ್ತವೆ. ಅವರನ್ನೇ ಕರೆದು ಖಾಲಿ ಸೈಟಿನ ಮೂಲೆ ಗೊತ್ತು ಮಾಡಿದೆವು. ಈಗ ಅವರ ಸೊಸೆಯೇ ಜೋಳದ ನುಚ್ಚು ಕುದಿಸಿ ಕೊಡುತ್ತಾಳೆ.

ಒಂದು ವಿಷಯದಲ್ಲಿ ಮಾತ್ರ ನಾನು ರಾಜಿ ಆಗಲಿಲ್ಲ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಯಾವ ನಾಯಿಗೆ ಏನೇ ಆಗಿರಲಿ, ಮೊದಲು ಆಸ್ಪತ್ರೆ. ಕಿಮೋ ನಡೆದಾಗ ಬೆಳಗಾಗಲಿ ಅಂತ ಕಾಯುವ ಜ್ವರ ಅಲ್ಲ ಅದು. ನಮ್ಮ ಮನೆಯವರಿಗೂ ಹುಡುಗರಿಗೂ ಇದನ್ನು ಹೇಳಿಟ್ಟಿದ್ದೆ.

ಈಗ ರೇಡಿಯೇಷನ್ ನಡೆದಿದೆ. "ನಾಯಿಗೆ ಏನಾರ ಆದೀತಲ್ಲ?" ಅಂತ ಕೆಲವರು ಕೇಳುತ್ತಾರೆ. ಹೊರಗಿನಿಂದ ಕೊಡುವ ಈ ರೇಡಿಯೇಷನ್ ಮೈಯಲ್ಲಿ ಉಳಿಯುವುದಿಲ್ಲ, ಪಕ್ಕದಲ್ಲಿ ಕೂತವರಿಗೆ ಏನೂ ಆಗುವುದಿಲ್ಲ. ಆ ಭಾಗದ ಚರ್ಮ ಮಾತ್ರ ಬಹಳ ನಾಜೂಕು, ಉಗುರು ತಾಗಬಾರದು ಅಷ್ಟೇ.

ಚಳಿಗಾಲದಲ್ಲಿ ಮರಿಗಳು ಜಾಸ್ತಿ. ಅದಕ್ಕೆ ಮೊದಲೇ ಉಳಿದ ಹೆಣ್ಣು ನಾಯಿಗಳ ಆಪರೇಷನ್ ಮುಗಿಸಬೇಕು. ಪಟ್ಟಿ ನನ್ನ ಹತ್ತಿರ ರೆಡಿ ಇದೆ. ಹಿಡಿಯಲು ಗಟ್ಟಿ ಕೈಯವರು, ಆಪರೇಷನ್ ಆದ ಮೇಲೆ ಕೆಲವು ದಿನ ಇಟ್ಟುಕೊಳ್ಳಲು ಒಂದು ಶೆಡ್ಡು, ಇಷ್ಟು ಸಿಕ್ಕರೆ ಸಾಕು.