ಡೆಟ್ರಾಯಿಟ್‌ನ ಬೀದಿಗಳು, ಜನಗಣತಿಯ ಹಾಳೆಗಳು: ನಾನು ಓದಿದ ಬಗೆ

ಎರಡು ಮಹಾಯುದ್ಧಗಳ ನಡುವಿನ ಅಮೆರಿಕ ಅಂದರೆ ಹೆಚ್ಚಿನವರು ವಾಲ್ ಸ್ಟ್ರೀಟ್‌ನಿಂದ ಶುರು ಮಾಡುತ್ತಾರೆ. 1929ರ ಅಕ್ಟೋಬರ್, ಷೇರುಪೇಟೆ ಕುಸಿತ, ಆಮೇಲೆ ಕೆಲಸವಿಲ್ಲದ ಜನರ ಸಾಲು. ಆದರೆ ಆ ಕಾಲದಲ್ಲಿ ಷೇರು ಇಟ್ಟುಕೊಂಡಿದ್ದ ಮನೆಗಳೇ ಕಡಿಮೆ. ಹಾಗಾದರೆ ಕಾರ್ಖಾನೆಯಲ್ಲಿ ದಿನಗೂಲಿಗೆ ದುಡಿಯುವವನ ಮನೆಗೆ ಆ ಕಷ್ಟ ಯಾವ ದಾರಿಯಲ್ಲಿ ಬಂತು? ಈ ಪ್ರಶ್ನೆ ನನ್ನನ್ನು ಬಹಳ ಕಾಡಿತು. ನಾನಿರುವುದು ಡೆಟ್ರಾಯಿಟ್ ಪಕ್ಕದ ಊರಿನಲ್ಲಿ. ಇಲ್ಲಿನ ಎಷ್ಟೋ ಕನ್ನಡಿಗರ ಹಾಗೆ ಕಾರು ಉದ್ಯಮದ ಕೆಲಸ ಹಿಡಿದು ಬಂದವನು. ಇತಿಹಾಸ ನನ್ನ ಓದಿನ ವಿಷಯವಲ್ಲ. ಆದರೂ ಸಂಜೆ ಹೊತ್ತು ಕೂತು, ಈ ನಗರದ ಹಳೆಯ ಬೀದಿಗಳನ್ನು ಮನೆ ಮನೆಯಾಗಿ ಓದಲು ಶುರು ಮಾಡಿದೆ. ಓದಿದ್ದು ಪುಸ್ತಕದಲ್ಲಿ ಅಲ್ಲ, ಜನಗಣತಿಯ ಹಾಳೆಗಳಲ್ಲಿ.

ಅಮೆರಿಕದಲ್ಲಿ ಜನಗಣತಿಯ ಹಾಳೆಗಳನ್ನು 72 ವರ್ಷ ಮುಚ್ಚಿಡುತ್ತಾರೆ. ಆಮೇಲೆ ಯಾರು ಬೇಕಾದರೂ ನೋಡಬಹುದು. 1920ರದ್ದು 1992ರಲ್ಲಿ, 1930ರದ್ದು 2002ರಲ್ಲಿ, 1940ರದ್ದು 2012ರಲ್ಲಿ ತೆರೆದುಕೊಂಡವು. ಗಣತಿದಾರ ಕೈಯಲ್ಲಿ ಬರೆದ ಹಾಳೆಗಳ ಚಿತ್ರಗಳೇ ಸಿಗುತ್ತವೆ. ಹೆಸರು ಹಾಕಿ ಹುಡುಕುವವರು ಜಾಸ್ತಿ, ಯಾಕಂದರೆ ಅವರಿಗೆ ಬೇಕಾದ್ದು ತಮ್ಮ ಅಜ್ಜ ಮುತ್ತಜ್ಜಂದಿರು. ನನಗೆ ಬೇಕಾಗಿದ್ದು ಬೀದಿ. ಅದಕ್ಕೆ ಮೊದಲು ಆ ಬೀದಿ ಯಾವ ಗಣತಿ ವಿಭಾಗಕ್ಕೆ ಸೇರಿತ್ತು ಅಂತ ತಿಳಿಯಬೇಕು. ಸ್ಟೀವ್ ಮೋರ್ಸ್ ಎಂಬ ಎಂಜಿನಿಯರ್ ಮಾಡಿಟ್ಟಿರುವ ಉಚಿತ ವೆಬ್‌ಸೈಟ್ ಒಂದಿದೆ. ಬೀದಿಯ ಹೆಸರು, ಅಡ್ಡಬೀದಿಗಳ ಹೆಸರು ಕೊಟ್ಟರೆ ವಿಭಾಗದ ಸಂಖ್ಯೆ ಸಿಗುತ್ತದೆ. ಇಂಟೆಲ್ 8086 ಚಿಪ್ ರೂಪಿಸಿದವರೂ ಅವರೇ ಎಂದು ಆಮೇಲೆ ಗೊತ್ತಾಗಿ ಖುಷಿಯಾಯಿತು.

ಇಲ್ಲಿ ಒಂದು ವಿಷಯ ಗಮನದಲ್ಲಿರಬೇಕು. ಗಣತಿದಾರ ಬೀದಿಯ ಉದ್ದಕ್ಕೆ ನೇರವಾಗಿ ನಡೆಯುವುದಿಲ್ಲ, ಬ್ಲಾಕನ್ನು, ಅಂದರೆ ನಾಲ್ಕು ಬೀದಿಗಳ ನಡುವಿನ ಚೌಕವನ್ನು, ಸುತ್ತು ಹಾಕುತ್ತಾನೆ. ಹಾಗಾಗಿ ಒಂದೇ ಬೀದಿಯ ಎದುರುಬದುರು ಮನೆಗಳು ಬೇರೆ ಬೇರೆ ವಿಭಾಗದಲ್ಲಿ, ಬೇರೆಯವರ ಅಕ್ಷರದಲ್ಲಿ ಇರಬಹುದು. ಹಾಳೆಯ ಎಡ ಅಂಚಿನಲ್ಲಿ ಬೀದಿಯ ಹೆಸರನ್ನು ಉದ್ದುದ್ದಕ್ಕೆ ಬರೆದಿರುತ್ತಾರೆ. ಅದನ್ನು ಹಿಡಿದುಕೊಂಡು ಮನೆ ನಂಬರು ಜೋಡಿಸಬೇಕು. ನಾನು ಒಂದು ಮನೆಗೆ ಒಂದು ಸಾಲಿನಂತೆ ಎಕ್ಸೆಲ್‌ನಲ್ಲಿ ಬರೆದುಕೊಂಡೆ. ಸ್ವಂತ ಮನೆಯೋ ಬಾಡಿಗೆಯೋ, ಬೆಲೆ ಎಷ್ಟು, ಎಷ್ಟು ಜನ, ಎಲ್ಲಿಂದ ಬಂದವರು, ಏನು ಕೆಲಸ. ಹೆಸರು ಮಾತ್ರ ಬರೆದುಕೊಳ್ಳಲಿಲ್ಲ. ಹೆಸರಿಲ್ಲದಿದ್ದಾಗ ಬೀದಿಯೇ ಎದ್ದು ಕಾಣುತ್ತದೆ.

1930ರ ಹಾಳೆಯಲ್ಲಿ ಮೊದಲು ಕಣ್ಣಿಗೆ ಬೀಳುವುದು ರೇಡಿಯೋ. ಮನೆಯಲ್ಲಿ ರೇಡಿಯೋ ಇದ್ದರೆ 'ಆರ್' ಅಂತ ಒಂದು ಅಕ್ಷರ. ಡೆಟ್ರಾಯಿಟ್ ನ್ಯೂಸ್ ಪತ್ರಿಕೆ ತನ್ನ ರೇಡಿಯೋ ಕೇಂದ್ರ ಶುರು ಮಾಡಿದ್ದು 1920ರಲ್ಲಿ. ಹತ್ತೇ ವರ್ಷದಲ್ಲಿ ದೇಶದ ಸುಮಾರು 40% ಮನೆಗಳಿಗೆ ರೇಡಿಯೋ ಬಂದಿತ್ತು. ಆದರೆ ಮಿಸಿಸಿಪ್ಪಿಯಂತಹ ದಕ್ಷಿಣದ ಬಡ ರಾಜ್ಯದಲ್ಲಿ 100 ಮನೆಗೆ ಐದಾರು ಅಷ್ಟೇ. ಈ ಒಂದು ಅಕ್ಷರದಿಂದ ಆ ಕಾಲದ ಕಂತಿನ ವ್ಯವಹಾರ ಅರ್ಥವಾಗುತ್ತದೆ. ರೇಡಿಯೋ, ಪೀಠೋಪಕರಣ, ಬಟ್ಟೆ ಒಗೆಯುವ ಯಂತ್ರ ಎಲ್ಲವೂ ಕಂತಿನಲ್ಲಿ ಬರುತ್ತಿದ್ದವು. ಜನರಲ್ ಮೋಟಾರ್ಸ್ ತನ್ನ ಕಾರುಗಳಿಗೆ ಸಾಲ ಕೊಡಲು 1919ರಲ್ಲೇ ಬೇರೆ ಕಂಪನಿ ತೆರೆಯಿತು. 1920ರ ದಶಕದ ನಡುವಿಗೆ ಬರುವ ಹೊತ್ತಿಗೆ ಕಾರು ಕೊಳ್ಳುವವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಕಂತಿನಲ್ಲೇ ಕೊಳ್ಳುತ್ತಿದ್ದರು.

ಮನೆಯ ಸಾಲ ಇದಕ್ಕಿಂತ ಅಪಾಯದ್ದು. ಈಗಿನ ಹಾಗೆ 20, 30 ವರ್ಷದ ಸಾಲ ಆಗ ಇರಲಿಲ್ಲ. ಸಾಮಾನ್ಯವಾಗಿ ಮನೆಯ ಬೆಲೆಯ ಅರ್ಧದಷ್ಟು ಸಾಲ, ಮೂರರಿಂದ ಐದು ವರ್ಷದ ಅವಧಿ. ಅಷ್ಟು ದಿನ ಬಡ್ಡಿ ಕಟ್ಟುವುದು, ಕೊನೆಗೆ ಅಸಲು ಒಟ್ಟಿಗೆ. ಅಸಲು ಕಟ್ಟಲು ಯಾರ ಹತ್ತಿರವೂ ದುಡ್ಡಿರುತ್ತಿರಲಿಲ್ಲ. ಸಾಲವನ್ನು ಮತ್ತೆ ಹೊಸದು ಮಾಡಿಸಿಕೊಳ್ಳುತ್ತಿದ್ದರು. ಬ್ಯಾಂಕು ನೆಟ್ಟಗಿದ್ದಷ್ಟು ದಿನ ಇದು ನಡೆಯಿತು. ಡೆಟ್ರಾಯಿಟ್‌ನಲ್ಲಿ ಇನ್ನೊಂದು ಪದ್ಧತಿಯೂ ಜೋರಾಗಿತ್ತು. ಮನೆ ಮಾರುವವನಿಗೇ ತಿಂಗಳ ಕಂತು ಕಟ್ಟುವುದು, ಕೊನೆಯ ಕಂತು ಮುಗಿಯುವವರೆಗೆ ಪತ್ರ ಅವನ ಹೆಸರಿನಲ್ಲೇ. ಕಂತು ತಪ್ಪಿದರೆ ಕಟ್ಟಿದ ದುಡ್ಡೂ ಹೋಯಿತು, ಮನೆಯೂ ಹೋಯಿತು.

ಇದು ಯಾವುದೂ 1930ರ ಹಾಳೆಯಲ್ಲಿ ಕಾಣುವುದಿಲ್ಲ. ಸಾಲ ತೀರದಿದ್ದರೂ ಅದನ್ನು ಸ್ವಂತ ಮನೆ ಅಂತಲೇ ಬರೆಯಬೇಕು ಎಂದು ಗಣತಿದಾರರಿಗೆ ಹೇಳಿತ್ತು. 1920ರ ಗಣತಿಯಲ್ಲಿ 'ಮನೆ ಅಡಮಾನದಲ್ಲಿದೆಯೇ' ಎಂಬ ಪ್ರಶ್ನೆ ಇತ್ತು. 1930ರಲ್ಲಿ ಅದನ್ನು ಕೈಬಿಟ್ಟರು. ಮನೆಸಾಲ ಜೋರಾಗಿ ಬೆಳೆದ ದಶಕದ ಕೊನೆಯಲ್ಲೇ ಸರ್ಕಾರ ಅದರ ಬಗ್ಗೆ ಕೇಳುವುದನ್ನು ನಿಲ್ಲಿಸಿತು! ಮದುವೆಯಾದಾಗ ವಯಸ್ಸೆಷ್ಟು ಅಂತ ಕೇಳಿತು, ರೇಡಿಯೋ ಇದೆಯೇ ಅಂತ ಕೇಳಿತು, ಸಾಲ ಎಷ್ಟು ಅಂತ ಕೇಳಲಿಲ್ಲ. ನಾನು ಹಾಳೆಗಳನ್ನು ಓದುವ ರೀತಿ ಬದಲಾಗಿದ್ದು ಇಲ್ಲಿಂದ. ಬರೆದಿರುವ ಉತ್ತರಕ್ಕಿಂತ, ಕೇಳಿರುವ ಪ್ರಶ್ನೆಯನ್ನು ಹೆಚ್ಚು ನೋಡತೊಡಗಿದೆ.

ಕೆಲಸದ ಕಾಲಂ ನೋಡಿ. 1930ರ ಏಪ್ರಿಲ್‌ನಲ್ಲಿ ಕೇಳಿದ್ದು 'ನಿನ್ನೆ ಕೆಲಸಕ್ಕೆ ಹೋಗಿದ್ದಿರಾ' ಅಂತ. ಹೌದು ಅಥವಾ ಇಲ್ಲ. ಇಲ್ಲ ಅಂದವರ ವಿವರ ಬರೆಯಲು ಬೇರೆ ಹಾಳೆ ಇತ್ತು, ಆ ಹಾಳೆಗಳು ಉಳಿದಿಲ್ಲ. 'ಹೌದು' ಅಂದವರ ಕಥೆಯೂ ಪೂರ್ತಿ ಅಲ್ಲ. ಹೆನ್ರಿ ಫೋರ್ಡ್ 1929ರ ಡಿಸೆಂಬರ್‌ನಲ್ಲಿ ದಿನಗೂಲಿಯನ್ನು 7 ಡಾಲರ್‌ಗೆ ಏರಿಸಿದ್ದ, ಎಲ್ಲ ಪತ್ರಿಕೆಗಳಲ್ಲೂ ಸುದ್ದಿ. ಆದರೆ ವಾರಕ್ಕೆ ಎಷ್ಟು ದಿನ ಕೆಲಸ? ಆಗ ಕಾರ್ಖಾನೆಗಳು ಜನರನ್ನು ತೆಗೆಯುವ ಮೊದಲು ದಿನಗಳನ್ನು ಕಡಿಮೆ ಮಾಡುತ್ತಿದ್ದವು. ದಿನಗೂಲಿ ಹಾಗೇ ಇರುತ್ತದೆ, ತಿಂಗಳ ಸಂಬಳ ಅರ್ಧ ಆಗುತ್ತದೆ. ಹಾಳೆಯಲ್ಲಿ ಮಾತ್ರ 'ಹೌದು'.

ಹಾಗಾಗಿ ನಾನು ಬೇರೆ ಗುರುತು ಹುಡುಕಿದೆ. ಮನೆಯಲ್ಲಿ ಕೋಣೆ ಬಾಡಿಗೆಗೆ ಹಿಡಿದವರು ಎಷ್ಟು ಜನ? ಮದುವೆಯಾದ ಮಗಳು, ಅಳಿಯ ಅದೇ ಮನೆಯಲ್ಲಿ ಇದ್ದಾರೆಯೇ? ಒಂದು ಕುಟುಂಬದ ಮನೆಯಲ್ಲಿ ಎರಡು ಮೂರು ಕುಟುಂಬ ಸೇರಿಕೊಂಡಿದ್ದರೆ ಕಂತು ಕಟ್ಟಲು ಒದ್ದಾಡುತ್ತಿದ್ದಾರೆ ಎಂದು ಅನುಮಾನ ಪಡಬಹುದು. ಸುಮ್ನೆ ಒಂದು ಹಾಳೆ ನೋಡಿ ಹೀಗೆ ಹೇಳಬಾರದು, ಕಾರ್ಖಾನೆ ಊರಲ್ಲಿ ಕೋಣೆ ಬಾಡಿಗೆಗೆ ಕೊಡುವುದು ಮೊದಲಿಂದಲೂ ಇತ್ತು. 1920ರ ಹಾಳೆ ಪಕ್ಕದಲ್ಲಿಟ್ಟು ನೋಡಿದಾಗ ಮಾತ್ರ ವ್ಯತ್ಯಾಸ ತಿಳಿಯುತ್ತದೆ.

ಇನ್ನು ಬಣ್ಣದ ಕಾಲಂ. 1930ರಲ್ಲಿ ಬಿಳಿಯರು, ನೀಗ್ರೋ, ಮೆಕ್ಸಿಕನ್, ಚೀನಿ, ಜಪಾನಿ ಹೀಗೆ ಗುರುತುಗಳಿದ್ದವು. ಭಾರತದಿಂದ ಬಂದವರಿಗೂ ಬೇರೆ ಗುರುತು ಇತ್ತು. 1923ರಲ್ಲಿ ಭಗತ್ ಸಿಂಗ್ ಥಿಂದ್ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಭಾರತೀಯರು ಬಿಳಿಯರಲ್ಲ, ಹಾಗಾಗಿ ಪೌರತ್ವ ಇಲ್ಲ ಎಂದು ಹೇಳಿತು. ಅಮೆರಿಕದ ಸೈನ್ಯದಲ್ಲಿದ್ದ ಮನುಷ್ಯ ಆತ. ಆ ಬಾಗಿಲು ತೆರೆದದ್ದು 1946ರಲ್ಲಿ. ಇಂದು ಇಲ್ಲಿ ಮನೆ ಕೊಂಡು ಬದುಕುತ್ತಿರುವ ನಮ್ಮಂಥವರು ಈ ಕಾಲಂ ಅನ್ನು ಬೇಗ ದಾಟಿಕೊಂಡು ಹೋಗಬಾರದು ಅಂತ ನನಗೆ ಅನಿಸುತ್ತದೆ.

ಡೆಟ್ರಾಯಿಟ್‌ನಲ್ಲಿ 1910ರಲ್ಲಿ ಸುಮಾರು 4.65 ಲಕ್ಷ ಜನ. 1930ಕ್ಕೆ 15.68 ಲಕ್ಷ. ಕಪ್ಪು ಜನರ ಸಂಖ್ಯೆ ಇದೇ ಅವಧಿಯಲ್ಲಿ ಸುಮಾರು 5,700ರಿಂದ 1.2 ಲಕ್ಷಕ್ಕೆ ಏರಿತು. ದಕ್ಷಿಣದ ಹತ್ತಿ ಹೊಲಗಳಿಂದ ಕಾರ್ಖಾನೆ ಕೆಲಸಕ್ಕೆ ಬಂದವರು. ಅವರಲ್ಲಿ ಹೆಚ್ಚಿನವರನ್ನು ನಗರದ ಪೂರ್ವ ಭಾಗದ ಬ್ಲ್ಯಾಕ್ ಬಾಟಮ್ ಎಂಬ ಒಂದೇ ಪ್ರದೇಶಕ್ಕೆ ಒತ್ತಿ ಇಟ್ಟಿದ್ದರು. 1925ರಲ್ಲಿ ಆಸಿಯನ್ ಸ್ವೀಟ್ ಎಂಬ ಕಪ್ಪು ವೈದ್ಯ ಬಿಳಿಯರ ಬಡಾವಣೆಯಲ್ಲಿ ಮನೆ ಕೊಂಡ. ಜನ ಮನೆಗೆ ಮುತ್ತಿಗೆ ಹಾಕಿ ಕಲ್ಲು ತೂರಿದರು. ಒಳಗಿನಿಂದ ಗುಂಡು ಹಾರಿತು, ಹೊರಗಿದ್ದ ಒಬ್ಬ ಸತ್ತ. ಸ್ವೀಟ್ ಕುಟುಂಬದ ಪರ ವಾದಿಸಿದ್ದು ಆ ಕಾಲದ ಹೆಸರಾಂತ ವಕೀಲ ಕ್ಲಾರೆನ್ಸ್ ಡ್ಯಾರೋ. ಮೊದಲ ವಿಚಾರಣೆಯಲ್ಲಿ ತೀರ್ಪುಗಾರರಲ್ಲಿ ಒಮ್ಮತ ಬರಲಿಲ್ಲ, ಎರಡನೆಯದರಲ್ಲಿ ವೈದ್ಯನ ತಮ್ಮ ಬಿಡುಗಡೆಯಾದ. ನ್ಯಾಯಾಧೀಶ ಫ್ರ್ಯಾಂಕ್ ಮರ್ಫಿ.

ಈ ಮರ್ಫಿ ಹೆಸರು ನೆನಪಿಟ್ಟುಕೊಂಡರೆ ಈ ಊರಿನ ಆ ಕಾಲದ ರಾಜಕೀಯ ಸುಲಭವಾಗುತ್ತದೆ. ಬಿಳಿಯರೇ ಮೇಲು ಅನ್ನುವ ಕೂ ಕ್ಲಕ್ಸ್ ಕ್ಲಾನ್ ಎಂಬ ಗುಪ್ತ ಸಂಘದ ಬೆಂಬಲವಿದ್ದ ಚಾರ್ಲ್ಸ್ ಬೌಲ್ಸ್ 1924ರಲ್ಲಿ ಮೇಯರ್ ಆಗುವ ಹತ್ತಿರ ಬಂದಿದ್ದ. 1929ರಲ್ಲಿ ಗೆದ್ದೇಬಿಟ್ಟ. ಮರುವರ್ಷ ಮತದಾರರೇ ಮತ ಹಾಕಿ ಅವನನ್ನು ಅಧಿಕಾರದಿಂದ ಇಳಿಸಿದರು. ಅವನ ಜಾಗಕ್ಕೆ ಬಂದವರು ಮರ್ಫಿ. ಕೆಲಸ ಕಳೆದುಕೊಂಡವರಿಗೆ ಊಟ, ಮಲಗಲು ಜಾಗ, ತರಕಾರಿ ಬೆಳೆದುಕೊಳ್ಳಲು ಖಾಲಿ ನಿವೇಶನ ಕೊಡಿಸಿದರು. ಆದರೆ ತೆರಿಗೆಯೇ ಬರದ ನಗರಸಭೆ ಎಷ್ಟು ದಿನ ಕೊಟ್ಟೀತು? 1932ರ ಮಾರ್ಚ್ 7ರಂದು ಕೆಲಸವಿಲ್ಲದವರು ಡಿಯರ್‌ಬಾರ್ನ್‌ನ ಫೋರ್ಡ್ ಕಾರ್ಖಾನೆಗೆ ಮೆರವಣಿಗೆ ಹೋದರು. ಪೊಲೀಸರು, ಕಂಪನಿ ಕಾವಲುಗಾರರು ಗುಂಡು ಹಾರಿಸಿದರು. ನಾಲ್ಕು ಜನ ಸತ್ತರು, ಗಾಯಗೊಂಡ ಇನ್ನೊಬ್ಬ ಆಮೇಲೆ ತೀರಿಕೊಂಡ.

ಆಮೇಲೆ ಬ್ಯಾಂಕು. 1933ರ ಫೆಬ್ರವರಿ 14ರಂದು ರಾಜ್ಯಪಾಲ ವಿಲಿಯಂ ಕಾಮ್‌ಸ್ಟಾಕ್ ಮಿಷಿಗನ್‌ನ ಎಲ್ಲ ಬ್ಯಾಂಕುಗಳನ್ನೂ ಮುಚ್ಚಿಸಿದರು. ಡೆಟ್ರಾಯಿಟ್‌ನ ಎರಡು ದೊಡ್ಡ ಬ್ಯಾಂಕುಗಳು ಮತ್ತೆ ತೆರೆಯಲೇ ಇಲ್ಲ. ಅವುಗಳ ದುಡ್ಡು ಸಿಕ್ಕಿಹಾಕಿಕೊಂಡಿದ್ದು ಬಹುಪಾಲು ನಿವೇಶನ, ಮನೆಸಾಲಗಳಲ್ಲೇ. ನನ್ನ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇಲ್ಲಿ. ಕೆಲಸದ ದಿನಗಳು ಕಡಿಮೆಯಾದವು, ಕಂತು ನಿಂತಿತು, ಸಾಲ ಹೊಸದು ಮಾಡುವ ಬ್ಯಾಂಕು ಮುಚ್ಚಿತು, ಬ್ಯಾಂಕಿನಲ್ಲಿಟ್ಟ ಉಳಿತಾಯವೂ ಸಿಗಲಿಲ್ಲ. ಷೇರು ಒಂದೂ ಇಲ್ಲದ ಮನೆ ಹೀಗೆ ಮುಳುಗಿತು. ಸುಮಾರು ಒಂದು ತಿಂಗಳು ಕಳೆಯುವಷ್ಟರಲ್ಲಿ, ಹೊಸ ಅಧ್ಯಕ್ಷ ರೂಸ್ವೆಲ್ಟ್ ಇಡೀ ದೇಶದ ಬ್ಯಾಂಕುಗಳನ್ನು ಮುಚ್ಚಿ, ತಪಾಸಣೆ ಮಾಡಿ, ಗಟ್ಟಿ ಇದ್ದವನ್ನು ಮಾತ್ರ ತೆರೆಸಿದರು. ಅದನ್ನು ಅವರು ಜನರಿಗೆ ವಿವರಿಸಿದ್ದು ರೇಡಿಯೋದಲ್ಲಿ, ಮಾರ್ಚ್ 12ರ ರಾತ್ರಿ. 1930ರ ಹಾಳೆಯ 'ಆರ್' ಅಕ್ಷರ ಎಷ್ಟು ಮುಖ್ಯ ಅಂತ ಆಗ ತಿಳಿಯಿತು, ಅಲ್ವಾ?

1940ರ ಹಾಳೆ ತೆರೆದರೆ ಅದು ಬೇರೆಯೇ ಸರ್ಕಾರದ ಹಾಳೆ ಅನಿಸುತ್ತದೆ. ಮಾರ್ಚ್ ಕೊನೆಯ ವಾರದಲ್ಲಿ ಎಷ್ಟು ಗಂಟೆ ಕೆಲಸ ಮಾಡಿದಿರಿ? 1939ರಲ್ಲಿ ಎಷ್ಟು ವಾರ? ಸಂಬಳ ಎಷ್ಟು? ಕೆಲಸ ಹುಡುಕುತ್ತಾ ಎಷ್ಟು ವಾರ ಆಯಿತು? 1935ರಲ್ಲಿ ಎಲ್ಲಿದ್ದಿರಿ? ಡಬ್ಲ್ಯುಪಿಎ ಅಥವಾ ಸಿಸಿಸಿಯಂತಹ ಸರ್ಕಾರಿ ಪರಿಹಾರ ಕೆಲಸದಲ್ಲಿದ್ದೀರಾ? ಹಾಳೆಗೆ 40 ಸಾಲು, ಅದರಲ್ಲಿ ಇಬ್ಬರಿಗೆ ಹೆಚ್ಚಿನ ಪ್ರಶ್ನೆಗಳು. ಅದರಲ್ಲಿ ಒಂದು, ಸೋಷಿಯಲ್ ಸೆಕ್ಯುರಿಟಿ, ಅಂದರೆ ಸರ್ಕಾರದ ವೃದ್ಧಾಪ್ಯ ಪಿಂಚಣಿಯ ನಂಬರು ಇದೆಯೇ ಎಂಬುದು. ಈ ಪಿಂಚಣಿ ತಂದ 1935ರ ಕಾನೂನು ಹೊಲದ ಕೂಲಿಗಳನ್ನೂ ಮನೆಗೆಲಸದವರನ್ನೂ ಹೊರಗಿಟ್ಟಿತ್ತು. ಮನೆಗೆಲಸ ಎಂದು ಬರೆದಿರುವ ಕಪ್ಪು ಹೆಂಗಸಿನ ಸಾಲಿನ ಮುಂದೆ ಅದು ನೆನಪಿಗೆ ಬಂದೇ ಬರುತ್ತದೆ. ಸಂಬಳದ ಕಾಲಂ ಓದುವಾಗ ಎರಡು ಎಚ್ಚರಿಕೆ. 5,000 ಡಾಲರ್‌ಗಿಂತ ಜಾಸ್ತಿ ಇದ್ದರೆ '5,000+' ಎಂದಷ್ಟೇ ಬರೆದಿದ್ದಾರೆ. ಅಂಗಡಿ ಇಟ್ಟುಕೊಂಡವರ ಲಾಭ ಇದರಲ್ಲಿ ಸೇರಿಲ್ಲ, ಹಾಗಾಗಿ ಅವರ ಮುಂದೆ ಸೊನ್ನೆ ಇದ್ದರೆ ಬಡವರು ಎಂದುಕೊಳ್ಳಬೇಡಿ.

ಡಬ್ಲ್ಯುಪಿಎ ಕೆಲಸದಲ್ಲಿದ್ದವರನ್ನು ಲೆಕ್ಕದಲ್ಲಿ ನಿರುದ್ಯೋಗಿ ಎಂದೇ ಹಿಡಿದಿದ್ದರು. ಅವರನ್ನು ಸೇರಿಸಿದರೆ 1940ರ ನಿರುದ್ಯೋಗ ಸುಮಾರು 14.6%, ಬಿಟ್ಟರೆ 9.5%. ರಸ್ತೆ, ಶಾಲೆ, ಚರಂಡಿ ಕಟ್ಟಿದ ಮನುಷ್ಯನನ್ನು ಕೆಲಸವಿಲ್ಲದವನು ಎಂದು ಕರೆಯುವುದು ನನಗೆ ಸರಿ ಕಾಣುವುದಿಲ್ಲ.

ಗಣತಿಯ ಹಾಳೆಗಳ ಜೊತೆ ನೋಡಬೇಕಾದ ಇನ್ನೊಂದು ಕಾಗದ, ನಕ್ಷೆ. 1933ರಲ್ಲಿ ಶುರುವಾದ ಎಚ್‌ಓಎಲ್‌ಸಿ ಎಂಬ ಸರ್ಕಾರಿ ಸಂಸ್ಥೆ ಮುಳುಗುತ್ತಿದ್ದ ಸುಮಾರು 10 ಲಕ್ಷ ಮನೆಸಾಲಗಳನ್ನು ತಾನು ವಹಿಸಿಕೊಂಡಿತು. 15 ವರ್ಷದ ಅವಧಿ, 5% ಬಡ್ಡಿ, ಪ್ರತಿ ಕಂತಿನಲ್ಲೂ ಸ್ವಲ್ಪ ಅಸಲು. ಬಹಳ ದೊಡ್ಡ ಕೆಲಸ. ಅದೇ ಸಂಸ್ಥೆ ಆಮೇಲೆ 200ಕ್ಕೂ ಹೆಚ್ಚು ನಗರಗಳ ನಕ್ಷೆ ಮಾಡಿ ಬಡಾವಣೆಗಳಿಗೆ ಹಸಿರು, ನೀಲಿ, ಹಳದಿ, ಕೆಂಪು ಬಣ್ಣ ಹಚ್ಚಿತು. ಹಸಿರು ಅಂದರೆ ಸಾಲ ಕೊಡಲು ಒಳ್ಳೆಯ ಜಾಗ, ಕೆಂಪು ಅಂದರೆ ಅಪಾಯದ ಜಾಗ. ರಿಚ್ಮಂಡ್ ವಿಶ್ವವಿದ್ಯಾಲಯ ಇವನ್ನೆಲ್ಲ ಆನ್‌ಲೈನ್‌ನಲ್ಲಿ ಹಾಕಿದೆ. ಕಪ್ಪು ಜನ ಇದ್ದ ಜಾಗ ಹೆಚ್ಚುಕಡಿಮೆ ಕೆಂಪೇ. ಆದರೆ ಈ ನಕ್ಷೆ ಒಂದರಿಂದಲೇ ಎಲ್ಲ ಅನ್ಯಾಯ ಆಯಿತು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಎಚ್‌ಓಎಲ್‌ಸಿ ತನ್ನ ಹೆಚ್ಚಿನ ಸಾಲಗಳನ್ನು ನಕ್ಷೆ ಬರುವ ಮೊದಲೇ ಕೊಟ್ಟು ಮುಗಿಸಿತ್ತು, ಕಪ್ಪು ಕುಟುಂಬಗಳಿಗೂ ಕೊಟ್ಟಿತ್ತು. ಹೆಚ್ಚು ಹಾನಿ ಮಾಡಿದ್ದು 1934ರಲ್ಲಿ ಶುರುವಾದ ಎಫ್‌ಎಚ್‌ಎ ಎಂಬ ಇನ್ನೊಂದು ಸರ್ಕಾರಿ ಸಂಸ್ಥೆ. ಹೊಸ ಮನೆಗಳ ಸಾಲಕ್ಕೆ ವಿಮೆ ಕೊಡುವಾಗ ಅದು ಜನರ ಮೈಬಣ್ಣ ನೋಡಿತು. ಡೆಟ್ರಾಯಿಟ್‌ನ 'ಏಟ್ ಮೈಲ್' ಎಂಬ ರಸ್ತೆಯ ಹತ್ತಿರ 1941ರಲ್ಲಿ ಕಪ್ಪು ಜನರ ಬಡಾವಣೆಗೂ ಬಿಳಿಯರ ಹೊಸ ಬಡಾವಣೆಗೂ ನಡುವೆ ಅರ್ಧ ಮೈಲಿ ಉದ್ದದ ಗೋಡೆ ಕಟ್ಟಿದರು. ಗೋಡೆ ಇದ್ದರೆ ಮಾತ್ರ ಬಿಲ್ಡರ್‌ಗೆ ಎಫ್‌ಎಚ್‌ಎ ವಿಮೆ. ಆ ಗೋಡೆ ಈಗಲೂ ಇದೆ. ಒಂದು ಭಾಗದಲ್ಲಿ ಬಣ್ಣದ ಚಿತ್ರಗಳಿವೆ. ಊರಿಂದ ಬಂದವರನ್ನು ನಾನು ಅಲ್ಲಿಗೂ ಕರೆದುಕೊಂಡು ಹೋಗುತ್ತೇನೆ.

ನೀವು ಶುರು ಮಾಡುವುದಾದರೆ ಡೆಟ್ರಾಯಿಟ್‌ನಲ್ಲೇ ಮಾಡಬೇಕೆಂದಿಲ್ಲ. ಕ್ಲೀವ್‌ಲ್ಯಾಂಡ್, ಷಿಕಾಗೊ, ನಿಮ್ಮ ಮಕ್ಕಳು ಇರುವ ಯಾವ ಹಳೆಯ ನಗರವಾದರೂ ಸರಿ. ಕಾರ್ಖಾನೆ ಹತ್ತಿರದ ಒಂದೇ ಬ್ಲಾಕ್ ಆರಿಸಿಕೊಳ್ಳಿ, ದೊಡ್ಡದು ಬೇಡ. ನಕ್ಷೆಯನ್ನು ಕೊನೆಗೆ ನೋಡಿ. ಮೊದಲೇ ಬಣ್ಣ ನೋಡಿದರೆ ಹಾಳೆಯಲ್ಲೂ ಅದೇ ಕಾಣಿಸುತ್ತದೆ. ಮೊದಲು 1940, ಯಾಕಂದರೆ ಅಕ್ಷರ ಓದಲು ಸುಲಭ, ವಿವರ ಜಾಸ್ತಿ. ಆಮೇಲೆ 1930, ಆಮೇಲೆ 1920.