8 ಕೆಬಿ ಅಂಗಳ: ಡ್ರೈವರ್ ಕೋಡ್‌ನಲ್ಲಿ ಸ್ಟ್ಯಾಕ್ ಬಳಕೆ ಇಳಿಸಿದ ಬಗೆ

ಮಲ್ಪೆಯ ಐಸ್ ಪ್ಲಾಂಟ್‌ಗಳಲ್ಲಿ ಉಷ್ಣತೆ ದಾಖಲಿಸುವ ಬೋರ್ಡ್‌ಗೆ ಬರೆದ ಲಿನಕ್ಸ್ ಡ್ರೈವರ್ ಇದು, ಅಂದರೆ ಕರ್ನಲ್‌ನೊಳಗೆ (ಆಪರೇಟಿಂಗ್ ಸಿಸ್ಟಂನ ತಿರುಳು) ಕೂತು ಚಿಪ್‌ಗಳನ್ನು ನಡೆಸುವ ಕೋಡ್. 32 ಬಿಟ್‌ನ ಕಾರ್ಟೆಕ್ಸ್-ಎ7 ಪ್ರೊಸೆಸರ್, ಕರ್ನಲ್ 5.10, ಎಸ್‌ಪಿಐ ಬಸ್ಸಿನಲ್ಲಿ (ಚಿಪ್‌ಗಳನ್ನು ಜೋಡಿಸುವ ತಂತಿದಾರಿ) ಎರಡು ಎಡಿಸಿ ಚಿಪ್ (ವೋಲ್ಟೇಜನ್ನು ಅಂಕಿಯಾಗಿಸುವವು). ಕಂಪೈಲ್ ಮಾಡುವಾಗ ಎಚ್ಚರಿಕೆ ಬಂತು: ರೀಡ್ ಫಂಕ್ಷನ್ನಿನ ಫ್ರೇಮ್ (ಅದು ಸ್ಟ್ಯಾಕ್‌ನಲ್ಲಿ ಹಿಡಿಯುವ ಜಾಗ) 1608 ಬೈಟ್, ಮಿತಿ 1024.

ಕಾನ್ಫಿಗ್‌ನಲ್ಲಿ ಆ ಮಿತಿಯನ್ನೇ ಏರಿಸಿಬಿಟ್ಟರೆ ಎಚ್ಚರಿಕೆ ಹೋಗುತ್ತದೆ, ಅಪಾಯ ಹೋಗುವುದಿಲ್ಲ. ಸ್ಟ್ಯಾಕ್ ಎಂದರೆ ಓಡುತ್ತಿರುವ ಫಂಕ್ಷನ್‌ಗಳ ಲೋಕಲ್ ವೇರಿಯಬಲ್‌ಗಳು ಕೂರುವ ಮೆಮೊರಿ. ಇಲ್ಲಿ ಒಂದು ಥ್ರೆಡ್‌ಗೆ (ಸ್ವತಂತ್ರವಾಗಿ ಓಡುವ ಒಂದು ಕೆಲಸ) ಇರುವುದೇ 8 ಕೆಬಿ ಕರ್ನಲ್ ಸ್ಟ್ಯಾಕ್. ಸಿಸ್ಟಂ ಕಾಲ್, ಫೈಲ್ ಪದರ, ನಮ್ಮ ಡ್ರೈವರ್, ಅದರ ಕೆಳಗೆ ಎಸ್‌ಪಿಐ ಕೋರ್, ಕಂಟ್ರೋಲರ್ ಡ್ರೈವರ್ ಎಲ್ಲವೂ ಅದರೊಳಗೇ ಹಿಡಿಸಬೇಕು. ನಡುವೆ ಇಂಟರಪ್ಟ್ (ತಕ್ಷಣ ಗಮನ ಕೇಳುವ ಹಾರ್ಡ್‌ವೇರ್ ಸಂಕೇತ) ಬಂದರೆ ಅದರ ಕೋಡೂ ಅಲ್ಲೇ ಓಡುತ್ತದೆ. 32 ಬಿಟ್ ಆರ್ಮ್‌ನಲ್ಲಿ ಇಂಟರಪ್ಟ್‌ಗೆ ಬೇರೆ ಸ್ಟ್ಯಾಕ್ ಬಂದದ್ದು 5.18ರಲ್ಲಿ. ಒಂದೇ ಅಂಗಳದಲ್ಲಿ ನಾಲ್ಕು ಮನೆಯವರು ಅಡಿಕೆ ಒಣಗಿಸುವಾಗ ಒಬ್ಬರೇ ಅರ್ಧ ಅಂಗಳಕ್ಕೆ ಹರಡಿದ ಹಾಗೆ ಆಗುತ್ತದೆ ದೊಡ್ಡ ಲೋಕಲ್ ಅರೇ. ಹಳೆಯ ಈ ಕರ್ನಲ್‌ನಲ್ಲಿ ಸ್ಟ್ಯಾಕ್‌ನ ತಳಕ್ಕೆ ಕಾವಲು ಪೇಜ್ (ಮುಟ್ಟಿದ ಕೂಡಲೇ ದೋಷ ತೋರಿಸುವ ಖಾಲಿ ಜಾಗ) ಇಲ್ಲ. ತುಂಬಿ ಹರಿದರೆ ಮೊದಲು ಹಾಳಾಗುವುದು ಅಲ್ಲೇ ಇರುವ ಥ್ರೆಡ್ ಇನ್ಫೋ, ಅಂದರೆ ಆ ಥ್ರೆಡ್‌ನ ಸ್ಥಿತಿಯ ದಾಖಲೆ. ಕ್ರ್ಯಾಶ್ ಮಾತ್ರ ಸಂಬಂಧವೇ ಇಲ್ಲದ ಜಾಗದಲ್ಲಿ ಕಾಣಿಸುತ್ತದೆ.

ಕೋಡ್ ಮುಟ್ಟುವ ಮೊದಲು ಅಳೆಯಬೇಕು. ಕೆಸಿಫ್ಲ್ಯಾಗ್ಸ್‌ಗೆ (ಕಂಪೈಲರ್‌ಗೆ ಹೆಚ್ಚಿನ ಆಯ್ಕೆ ಕೊಡುವ ವೇರಿಯಬಲ್) ‘-ಎಫ್‌ಸ್ಟ್ಯಾಕ್-ಯೂಸೇಜ್’ ಕೊಟ್ಟು ಮೇಕ್ ಮಾಡಿದರೆ ಪ್ರತಿ ಸಿ ಫೈಲ್‌ಗೂ ಒಂದೊಂದು ‘.ಎಸ್‌ಯು’ ಫೈಲ್ ಸಿಗುತ್ತದೆ. ಪ್ರತಿ ಸಾಲಿನಲ್ಲಿ ಫಂಕ್ಷನ್ ಹೆಸರು, ಬೈಟ್ ಲೆಕ್ಕ, ಮತ್ತು ‘ಸ್ಟ್ಯಾಟಿಕ್’ ಅಥವಾ ‘ಡೈನಾಮಿಕ್’ ಎಂಬ ಗುರುತು. ‘ಡೈನಾಮಿಕ್’ ಕಂಡರೆ ಮೊದಲು ಅದನ್ನೇ ಹಿಡಿಯಿರಿ: ಉದ್ದ ಓಡುವಾಗ ನಿರ್ಧಾರವಾಗುವ ಅರೇ ಎಲ್ಲೋ ಇದೆ ಎಂದರ್ಥ.

ನಮ್ಮ ಫಂಕ್ಷನ್ನಿನಲ್ಲಿ ಕಣ್ಣಿಗೆ ಕಂಡದ್ದು 768 ಬೈಟ್‌ನ ರಿಸೀವ್ ಬಫರ್, ದೋಷ ಬಂದಾಗ ಬೈಟ್‌ಗಳನ್ನು ಹೆಕ್ಸ್‌ನಲ್ಲಿ (ಹದಿನಾರರ ಅಂಕಿ) ಬರೆಯಲು 512 ಬೈಟ್‌ನ ಅಕ್ಷರ ಬಫರ್. ಕೂಡಿದರೆ 1280. ಉಳಿದ 328ರಲ್ಲಿ 256 ಬೈಟ್ ಪಕ್ಕದ ಚಿಕ್ಕ ಫಂಕ್ಷನ್ನಿನದು. ಅಲ್ಲಿ 128 ನಮೂದುಗಳ 16 ಬಿಟ್ ಕ್ಯಾಲಿಬ್ರೇಶನ್ ಟೇಬಲ್ ಇತ್ತು. ಕಂಪೈಲರ್ ಆ ಫಂಕ್ಷನ್ನನ್ನು ಇನ್‌ಲೈನ್ ಮಾಡಿದ್ದರಿಂದ (ಕರೆಯುವ ಬದಲು ಅದರ ಕೋಡನ್ನೇ ಇಲ್ಲಿ ಸೇರಿಸಿದ್ದರಿಂದ) ಹೊರೆ ಇಲ್ಲಿಗೆ ಬಂದು ಕೂತಿತ್ತು.

ಟೇಬಲ್‌ಗೆ ಎರಡು ಪದ ಸಾಕಾಯಿತು: ಸ್ಟ್ಯಾಟಿಕ್ ಕಾನ್ಸ್ಟ್. ಅದಿಲ್ಲದಿದ್ದರೆ ಪ್ರತಿ ಸಲ ಕರೆದಾಗಲೂ ಇಡೀ ಟೇಬಲ್ ಸ್ಟ್ಯಾಕ್‌ಗೆ ನಕಲಾಗುತ್ತದೆ. ಹೆಕ್ಸ್ ಬಫರ್ ಅನ್ನು ತೆಗೆದೇ ಹಾಕಿದೆ. ಪ್ರಿಂಟ್‌ಕೆಯ (ಕರ್ನಲ್ ಲಾಗ್ ಬರೆಯುವ ಫಂಕ್ಷನ್) ‘ಪಿಎಚ್’ ಫಾರ್ಮ್ಯಾಟ್ ತಾನೇ ಹೆಕ್ಸ್ ಬರೆಯುತ್ತದೆ, ಒಂದು ಸಲಕ್ಕೆ 64 ಬೈಟ್‌ವರೆಗೆ. ದೋಷ ಹುಡುಕಲು ಮೊದಲ 64 ಬೈಟ್ ಧಾರಾಳ.

ರಿಸೀವ್ ಬಫರ್‌ನದ್ದೇ ನಿಜವಾದ ಯೋಚನೆ. ಇದು ಡಿಎಂಎಗೆ (ಪ್ರೊಸೆಸರ್ ಕೈಯಿಡದೆ ಹಾರ್ಡ್‌ವೇರೇ ಮೆಮೊರಿಗೆ ಬರೆಯುವ ವಿಧಾನ) ಹೋಗುವ ಬಫರ್, ಮಾರಾಯ್ರೆ. ಗಾತ್ರ ಹತ್ತೇ ಬೈಟ್ ಆದರೂ ಸ್ಟ್ಯಾಕ್‌ನಲ್ಲಿ ಇರಲೇಬಾರದು. ಕ್ಯಾಶ್ ಎಂದರೆ ಮೆಮೊರಿಯ ನಕಲು ಇಟ್ಟುಕೊಳ್ಳುವ ಪ್ರೊಸೆಸರ್‌ನ ವೇಗದ ಜಾಗ, ಲೈನ್ ಎಂದರೆ ಅದರ ಒಂದು ತುಂಡು. ಎ7ರ ಡೇಟಾ ಕ್ಯಾಶ್ ಲೈನ್ 64 ಬೈಟ್. ಬಫರ್‌ನ ಅಂಚಿನ ಲೈನ್‌ನಲ್ಲೇ ಬೇರೊಂದು ವೇರಿಯಬಲ್ ಕೂತಿದ್ದರೆ, ಡಿಎಂಎ ಮುಗಿದು ಕ್ಯಾಶ್ ಇನ್ವ್ಯಾಲಿಡೇಟ್ ಆಗುವಾಗ (ನಕಲನ್ನು ಬಿಸಾಡುವಾಗ) ಅದರ ಹೊಸ ಬೆಲೆ ಮಾಯವಾಗಬಹುದು. ಹಾಗಾಗಿ ಪ್ರೋಬ್‌ನಲ್ಲೇ (ಚಿಪ್ ಸಿಕ್ಕಾಗ ಡ್ರೈವರ್ ಸಿದ್ಧವಾಗುವ ಫಂಕ್ಷನ್) ಕೆಮ್ಯಾಲಾಕ್‌ನಿಂದ (ಕರ್ನಲ್‌ನಿಂದ ಮೆಮೊರಿ ಕೇಳುವ ಫಂಕ್ಷನ್) ಬೇರೆಯಾಗಿ ತೆಗೆದುಕೊಂಡು ಪಾಯಿಂಟರ್ ಅನ್ನು ಡಿವೈಸ್‌ನ ಪ್ರೈವೇಟ್ ಸ್ಟ್ರಕ್ಟ್‌ನಲ್ಲಿಟ್ಟೆ. ಇನ್ನು ಇಬ್ಬರು ಒಟ್ಟಿಗೆ ಓದಲು ಬಂದರೆ ಒಂದೇ ಬಫರ್‌ಗೆ ಕೈ ಹಾಕುತ್ತಾರೆ, ಆದ್ದರಿಂದ ಮ್ಯೂಟೆಕ್ಸ್ (ಒಂದು ಸಲಕ್ಕೆ ಒಬ್ಬರನ್ನೇ ಬಿಡುವ ಬೀಗ) ಬೇಕೇ ಬೇಕು. ಮ್ಯೂಟೆಕ್ಸ್ ಸಿಗುವವರೆಗೆ ನಿದ್ದೆ ಹೋಗಬೇಕಾಗಬಹುದು, ಹಾಗಾಗಿ ಹಾರ್ಡ್ ಇಂಟರಪ್ಟ್‌ನೊಳಗೆ ಅದನ್ನು ಹಿಡಿಯುವಂತಿಲ್ಲ. ಆದ್ದರಿಂದ ಎಡಿಸಿಯ ‘ಡೇಟಾ ರೆಡಿ’ ಸಂಕೇತದ ಕೆಲಸವನ್ನು ಥ್ರೆಡೆಡ್ ಇಂಟರಪ್ಟ್‌ಗೆ ಸರಿಸಿದೆ. ಅದಕ್ಕೆ ತನ್ನದೇ ಥ್ರೆಡ್, ತನ್ನದೇ ಸ್ಟ್ಯಾಕ್.

ಬಫರ್‌ನ ಘೋಷಣೆಗೆ ಸ್ಟ್ಯಾಟಿಕ್ ಎಂದು ಸೇರಿಸಿ ಕೈತೊಳೆದುಕೊಳ್ಳುವವರಿದ್ದಾರೆ. ದಯವಿಟ್ಟು ಬೇಡ. ಎರಡು ಚಿಪ್‌ಗೂ ಅದೊಂದೇ ಬಫರ್ ಆಗಿ, ಒಂದು ಕೋಣೆಯ ಉಷ್ಣತೆ ಇನ್ನೊಂದರ ಲೆಕ್ಕದಲ್ಲಿ ಬರುತ್ತದೆ. ಪ್ರತಿ ಕರೆಗೂ ಕೆಮ್ಯಾಲಾಕ್ ಮಾಡುವುದಾದರೆ ನಲ್ ಪರೀಕ್ಷಿಸಿ, ದೋಷದ ಪ್ರತಿ ದಾರಿಯಲ್ಲೂ ಕೆಫ್ರೀ (ಮೆಮೊರಿ ಹಿಂದಿರುಗಿಸುವ ಕರೆ) ಇದೆಯೇ ನೋಡಿ. ಕೋಡ್ ನಿದ್ದೆ ಹೋಗಬಾರದ ಕಡೆ ಜಿಎಫ್‌ಪಿ ಕರ್ನಲ್ (ಮೆಮೊರಿಗಾಗಿ ಕಾಯಬಹುದು ಎಂಬ ಗುರುತು) ಸಲ್ಲದು, ಜಿಎಫ್‌ಪಿ ಅಟಾಮಿಕ್ (ಕಾಯಬಾರದು ಎಂಬ ಗುರುತು) ಬೇಕು.

ಫಂಕ್ಷನ್ನನ್ನು ಇನ್‌ಲೈನ್ ಮಾಡಬೇಡ ಎಂದು ಕಂಪೈಲರ್‌ಗೆ ಹೇಳುವ ‘ನೋಇನ್‌ಲೈನ್ ಫಾರ್ ಸ್ಟ್ಯಾಕ್’ ಎಂಬ ಗುರುತೂ ಇದೆ. ಅಪರೂಪದ ದೋಷದ ದಾರಿಯನ್ನು ಮುಖ್ಯ ಫ್ರೇಮ್‌ನಿಂದ ಹೊರಗಿಡಲು ಒಳ್ಳೆಯದು. ಆದರೆ ಆ ಫಂಕ್ಷನ್ ಮತ್ತೆ ಎಸ್‌ಪಿಐ ಕೋರ್‌ಗೆ ಇಳಿಯುವುದಾದರೆ ಒಟ್ಟು ಆಳ ಅಷ್ಟೇ ಉಳಿಯುತ್ತದೆ, ಎಚ್ಚರಿಕೆ ಮಾತ್ರ ಮುಚ್ಚಿಹೋಗುತ್ತದೆ.

ಫ್ರೇಮ್ 80 ಬೈಟ್‌ಗೆ ಇಳಿಯಿತು. ಆದರೂ ಓಡಿಸಿ ನೋಡಬೇಕು: ಕಾನ್ಫಿಗ್‌ನಲ್ಲಿ ಸ್ಟ್ಯಾಕ್ ಟ್ರೇಸರ್ (ಓಡುವಾಗ ಸ್ಟ್ಯಾಕ್‌ನ ಆಳ ಅಳೆಯುವ ಸಾಧನ) ಸೇರಿಸಿ, ಪ್ರಾಕ್ (ಕರ್ನಲ್‌ನ ಸ್ಥಿತಿ ತೋರಿಸುವ ಫೋಲ್ಡರ್) ಕೆಳಗಿನ ‘ಸ್ಟ್ಯಾಕ್ ಟ್ರೇಸರ್ ಎನೇಬಲ್ಡ್’ಗೆ 1 ಬರೆದು, ನೆಟ್‌ವರ್ಕ್‌ನಲ್ಲಿ ದೊಡ್ಡ ಫೈಲ್ ಕಾಪಿ, ಯುಎಸ್‌ಬಿಗೆ ಬರಹ, ಎಡಿಸಿ ಓದು ಮೂರನ್ನೂ ಒಟ್ಟಿಗೆ ನಡೆಸಿದೆ. ಒಂದೊಂದೇ ಓಡಿಸಿದರೆ ಇಂಟರಪ್ಟ್ ಮೇಲೆ ಬೀಳುವ ಕೆಟ್ಟ ಕ್ಷಣ ಸಿಗುವುದೇ ಇಲ್ಲ. ಟ್ರೇಸಿಂಗ್ ಫೋಲ್ಡರ್‌ನ ‘ಸ್ಟ್ಯಾಕ್ ಟ್ರೇಸ್’ ಫೈಲ್ ಅತಿ ಆಳದ ಕರೆಗಳನ್ನು ಒಂದೊಂದರ ಬೈಟ್ ಸಮೇತ ತೋರಿಸುತ್ತದೆ. ಮುಂದಿನ ಪರೀಕ್ಷೆಗೆ ಮೊದಲು ‘ಸ್ಟ್ಯಾಕ್ ಮ್ಯಾಕ್ಸ್ ಸೈಜ್’ಗೆ 0 ಬರೆಯಿರಿ, ಇಲ್ಲದಿದ್ದರೆ ಹಳೆಯ ಗರಿಷ್ಠವೇ ಅಲ್ಲಿ ಉಳಿದಿರುತ್ತದೆ. ಟ್ರೇಸರ್ ಪ್ರತಿ ಫಂಕ್ಷನ್ ಕರೆಯಲ್ಲೂ ಕೆಲಸ ಮಾಡುವುದರಿಂದ ಬೋರ್ಡ್ ನಿಧಾನವಾಗುತ್ತದೆ; ಪ್ಲಾಂಟ್‌ಗೆ ಕಳಿಸುವ ಕರ್ನಲ್‌ನಲ್ಲಿ ಅದನ್ನು ತೆಗೆದಿಡಿ.