ಮದುವೆ ಆಗೈತೇನು ಅಂತ ಕೇಳೋ ಡಾಕ್ಟರಿಗೆ ಉಳಿದ ಅರ್ಧ ಹೇಳೋದು ಹೇಗೆ

ಓಪಿಡಿಯಲ್ಲಿ ಕೂತವರಿಗೆ ಇದು ಗೊತ್ತಿರುತ್ತದೆ. ನೀವು ಸ್ಟೂಲಿನ ಮೇಲೆ ಕೂತಿರುತ್ತೀರಿ, ನಿಮ್ಮ ನಂತರದವರು ಆಗಲೇ ಚೀಟಿ ಹಿಡಿದು ನಿಮ್ಮ ಬೆನ್ನಿಗೆ ತಾಗಿ ನಿಂತಿರುತ್ತಾರೆ, ಪರದೆ ಸರಿಸಿ ಇನ್ನಿಬ್ಬರು ಇಣುಕುತ್ತಿರುತ್ತಾರೆ. ಡಾಕ್ಟರು ತಲೆ ಎತ್ತದೆ ಕೇಳುತ್ತಾರೆ: "ಮದುವೆ ಆಗೈತೇನಮ್ಮಾ? ಎಷ್ಟು ಮಕ್ಕಳು?" ನಾನು "ಆಗೈತ್ರಿ, ಒಂದು" ಅಂದೆ. ಅಲ್ಲಿಗೆ ಮುಗೀತು. ನನಗೆ ಹೆಂಗಸರ ಮೇಲೂ ಮನಸ್ಸಾಗುತ್ತದೆ, ಮದುವೆಗೆ ಮುಂಚೆ ರಾಯಚೂರಿನ ಹಾಸ್ಟೆಲಿನಲ್ಲಿದ್ದಾಗ ಒಬ್ಬಳನ್ನು ಮೂರು ವರ್ಷ ಪ್ರೀತಿಸಿದ್ದೆ, ಇದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಾನಿರೋದು ಬಳ್ಳಾರಿಯಲ್ಲಿ, ಜೀನ್ಸ್ ಹೊಲಿಯುವ ಯೂನಿಟ್ ಒಂದರಲ್ಲಿ ಲೆಕ್ಕ ಬರೆಯುತ್ತೇನೆ. ಡಾಕ್ಟರ್ ಅಲ್ಲ, ವಕೀಲೆ ಅಲ್ಲ. ಆದರೆ ಗಂಡು ಹೆಣ್ಣು ಇಬ್ಬರ ಮೇಲೂ ಮನಸ್ಸಾಗುವವರು ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಆರೋಗ್ಯ ನೋಡಿಕೊಳ್ಳಬೇಕಾದರೆ ಎಲ್ಲಿ ಹೋಗಬೇಕು, ಏನು ಹೇಳಬೇಕು ಅನ್ನೋದನ್ನು ವರ್ಷಗಟ್ಟಲೆ ಓಡಾಡಿ ಕಲಿತಿದ್ದೇನೆ. ಅದನ್ನೇ ಬರೆಯುತ್ತಿದ್ದೇನೆ.

ಮೊದಲು ಹೆಸರಿನ ವಿಷಯ. ಬೈಸೆಕ್ಷುಯಲ್ ಅನ್ನಿ, ಬೈ ಅನ್ನಿ, ಸಾಕು. 'ದ್ವಿಲಿಂಗಿ' ಅನ್ನಬೇಡಿ ಅಂತ ನಾನು ಹೇಳುತ್ತೇನೆ, ಯಾಕಂದರೆ ಆ ಪದವನ್ನು ನಾವೆಲ್ಲ ಶಾಲೆಯಲ್ಲಿ ದಾಸವಾಳದ ಹೂವಿನ ಪಾಠದಲ್ಲಿ ಓದಿದ್ದೇವೆ. ಕೇಳಿದವರಿಗೆ ತಕ್ಷಣ ಹೊಳೆಯೋದು ದೇಹದ ರಚನೆ, ಪ್ರೀತಿ ಅಲ್ಲ. ಪದ ಹೇಳೋಕೆ ಕಷ್ಟ ಆದರೆ "ನನಗೆ ಇಬ್ಬರ ಮೇಲೂ ಮನಸ್ಸಾಗುತ್ತದೆ" ಅಂತ ಹೇಳಿಬಿಡಿ.

ನಮ್ಮ ಕಡೆ ಇನ್ನೊಂದು ಗೊಂದಲ ಇದೆ. ನನ್ನ ಚಿಕ್ಕಮ್ಮನಿಗೆ ಹೇಳಿದಾಗ ಅವಳು ಕೇಳಿದ ಮೊದಲ ಮಾತು, "ಮೈಮ್ಯಾಲೆ ಎಲ್ಲಮ್ಮ ಬಂದಾಳೇನವ್ವಾ?" ಅಂತ. ಅವಳ ತಪ್ಪಲ್ಲ. ಹುಲಿಗೆಮ್ಮನ ಗುಡಿ ಇರುವ ಹುಲಿಗಿಗೆ ಹೋಗಿ ಬಂದವರು ನಾವು, ಗಂಡಾಗಿ ಹುಟ್ಟಿ ದೇವಿಗೆ ಮುಡಿಪಾಗಿ ಹೆಣ್ಣಾಗಿ ಬಾಳುವ ಜೋಗಪ್ಪ, ಜೋಗತಿಯರನ್ನು ಚಿಕ್ಕಂದಿನಿಂದ ನೋಡಿದ್ದೇವೆ. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ ಅವರು ಜಾನಪದ ಅಕಾಡೆಮಿ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು, ಅವರನ್ನು ಟಿವಿಯಲ್ಲಿ ನೋಡಿ ನಮ್ಮ ಓಣಿಯಲ್ಲಿ ಎಲ್ಲರೂ ಖುಷಿಪಟ್ಟಿದ್ದರು. ಆದರೆ ಅದು ನಾನು ಗಂಡೋ ಹೆಣ್ಣೋ ಅನ್ನೋ ಮಾತು. ಬೈ ಅನ್ನೋದು ನಾನು ಯಾರನ್ನು ಪ್ರೀತಿಸುತ್ತೇನೆ ಅನ್ನೋ ಮಾತು. ಚಿಕ್ಕಮ್ಮನಿಗೆ ನಾನು ಹೀಗೇ ಹೇಳಿದೆ: "ನಾನು ಹೆಂಗಸೇ ಚಿಕ್ಕಮ್ಮಾ, ಮನಸ್ಸು ಮಾತ್ರ ಎರಡೂ ಕಡೆ ಹೋಗ್ತದ." ಅರ್ಥ ಆಯಿತು ಅವಳಿಗೆ. ಒಪ್ಪಿದಳು ಅಂತ ಹೇಳಲಾರೆ, ಅರ್ಥ ಅಂತೂ ಆಯಿತು.

ಇನ್ನು ಪುರಾವೆ ಕೇಳುವವರು. ಅರ್ಧ ಇಷ್ಟು, ಅರ್ಧ ಅಷ್ಟು ಅಂತ ತಕ್ಕಡಿಯಲ್ಲಿ ತೂಗಿ ಕೊಡಬೇಕಾಗಿಲ್ಲ. ಮದುವೆ ಆದ ಮೇಲೂ ನೀವು ಬೈ, ಯಾರ ಜೊತೆಗೂ ಒಂದು ದಿನ ಇರದಿದ್ದರೂ ಬೈ. 'ಎರಡು ದೋಣಿಯಲ್ಲಿ ಕಾಲಿಡುವವರು' ಅಂತ ಅಂದರೆ ನೇರವಾಗಿ ಹೇಳಿ: ಇಬ್ಬರ ಮೇಲೆ ಮನಸ್ಸಾಗೋದು ಬೇರೆ, ಇರುವವರಿಗೆ ಮೋಸ ಮಾಡೋದು ಬೇರೆ.

ಈಗ ಆಸ್ಪತ್ರೆಗೆ ಬರೋಣ. ಜ್ವರಕ್ಕೆ, ಹಲ್ಲು ನೋವಿಗೆ ಯಾರಿಗೂ ಏನೂ ಹೇಳಬೇಕಾಗಿಲ್ಲ. ಕೆಳಗಿನ ಜಾಗದಲ್ಲಿ ಹುಣ್ಣು, ಉರಿ, ಬಿಳಿಸೆರಗು, ರಕ್ತಪರೀಕ್ಷೆ, ಮನಸ್ಸಿನ ಕಾಯಿಲೆ ಇಂಥ ವಿಷಯಕ್ಕೆ ಮಾತ್ರ ಹೇಳಿ, ಯಾಕಂದರೆ ನೀವು ಹೇಳದಿದ್ದರೆ ಡಾಕ್ಟರು ನೋಡಬೇಕಾದ್ದನ್ನೇ ನೋಡೋದಿಲ್ಲ. ಗಂಡಸರ ವಿಷಯದಲ್ಲಿ ಇದು ಜಾಸ್ತಿ ಆಗುತ್ತದೆ: ಗಂಟಲಿನಲ್ಲಿ, ಗುದದಲ್ಲಿ ಸೋಂಕು ಇದ್ದರೂ ಎಷ್ಟೋ ಸಲ ನೋವು ಕೀವು ಏನೂ ಇರುವುದಿಲ್ಲ, ಮೂತ್ರದ ಟೆಸ್ಟಿನಲ್ಲೂ ಅದು ಸಿಗುವುದಿಲ್ಲ.

ಹೇಗೆ ಹೇಳೋದು? ನಾನು ಕಂಡುಕೊಂಡ ದಾರಿ ಚೀಟಿ. ಮನೆಯಲ್ಲೇ ಕೂತು ಒಂದು ಹಾಳೆಯಲ್ಲಿ ಬರೆದುಕೊಳ್ಳಿ: "ನನಗೆ ಗಂಡು, ಹೆಣ್ಣು ಇಬ್ಬರ ಜೊತೆಗೂ ಸಂಬಂಧ ಇತ್ತು. ಅದಕ್ಕೆ ತಕ್ಕ ಟೆಸ್ಟ್ ಬರೆದುಕೊಡಿ. ದಯವಿಟ್ಟು ಜೋರಾಗಿ ಓದಬೇಡಿ." ಹೆಸರು ಬೇಡ. ಮಡಚಿ, ಓಪಿಡಿ ಚೀಟಿಯ ಜೊತೆಗೇ ಕೊಡಿ. ನಾನು ಎರಡನೇ ಸಲ ಬೇರೆ ಆಸ್ಪತ್ರೆಗೆ ಹೋದಾಗ ಹೀಗೇ ಮಾಡಿದೆ. ಆ ಡಾಕ್ಟರಮ್ಮ ಓದಿದರು, ಮತ್ತೆ ಮಡಚಿದರು, ನನ್ನ ಹಿಂದೆ ನಿಂತವರಿಗೆ "ಹೊರಗೆ ನಿಲ್ರಮ್ಮಾ ಸ್ವಲ್ಪ" ಅಂದರು, ನರ್ಸಿಗೆ ಪರದೆ ಎಳೆಯೋಕೆ ಹೇಳಿದರು. ಆಮೇಲೆ ಚೀಟಿ ನನ್ನ ಕೈಗೇ ವಾಪಸ್ ಕೊಟ್ಟು, ಕೊನೆಯ ಸಲ ಯಾವಾಗ, ಕಾಂಡೋಮ್ ಬಳಸಿದ್ದಿರಾ, ಗರ್ಭಕೋಶದ ಬಾಯಿ ಚೆಕ್ ಮಾಡಿಸಿದ್ದೀರಾ ಅಂತ ಸಲೀಸಾಗಿ ಕೇಳಿದರು. ನನ್ನ ಕೈ ನಡುಗುತ್ತಿತ್ತು, ಅವರ ದನಿ ಮಾತ್ರ ಶುಗರ್ ಎಷ್ಟಿದೆ ಅಂತ ಕೇಳುವಷ್ಟೇ ಸಾಮಾನ್ಯವಾಗಿತ್ತು. ಎಲ್ಲರೂ ಹೀಗಿರುವುದಿಲ್ಲ. ಬುದ್ಧಿ ಹೇಳೋಕೆ ಶುರು ಮಾಡಿದರೆ ಚೀಟಿ ತಗೊಂಡು ಎದ್ದು ಬನ್ನಿ, ಬೇರೆ ಡಾಕ್ಟರನ್ನು ನೋಡಿ. ಸೋಮವಾರ ಬೆಳಿಗ್ಗೆ ಹೋಗಬೇಡಿ, ಆ ಗದ್ದಲದಲ್ಲಿ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ.

ಎಚ್‌ಐವಿ ಟೆಸ್ಟಿಗೆ ಜಿಲ್ಲಾಸ್ಪತ್ರೆಯಲ್ಲಿ ಐಸಿಟಿಸಿ, ಅಂದರೆ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ, ಎಲ್ಲಿ ಅಂತ ಕೇಳಿ. ಬಾಯಿಬಿಟ್ಟು ಕೇಳೋಕೆ ಮುಜುಗರ ಆದರೆ ಬೋರ್ಡ್ ನೋಡಿಕೊಂಡು ಹೋಗಿ. ಟೆಸ್ಟ್ ಉಚಿತ, ಮುಂಚೆ ಒಬ್ಬರು ಕೌನ್ಸಿಲರ್ ಬಾಗಿಲು ಹಾಕಿಕೊಂಡು ಮಾತಾಡುತ್ತಾರೆ. ನಿಮ್ಮ ಒಪ್ಪಿಗೆ ಇಲ್ಲದೆ ಟೆಸ್ಟ್ ಮಾಡುವ ಹಾಗಿಲ್ಲ, ಫಲಿತಾಂಶವನ್ನು ಬೇರೆಯವರಿಗೆ ಹೇಳುವ ಹಾಗೂ ಇಲ್ಲ, 2017ರ ಎಚ್‌ಐವಿ ಕಾಯ್ದೆಯಲ್ಲೇ ಇದೆ. ನಿನ್ನೆ ಮೊನ್ನೆ ಆದದ್ದು ಇವತ್ತಿನ ಟೆಸ್ಟಿನಲ್ಲಿ ಗೊತ್ತಾಗುವುದಿಲ್ಲ, ಮೂರು ತಿಂಗಳಾದ ಮೇಲೆ ಇನ್ನೊಮ್ಮೆ ಮಾಡಿಸಬೇಕು. ಕಾಂಡೋಮ್ ಹರಿಯಿತು, ಅಥವಾ ಯಾರೋ ಬಲವಂತ ಮಾಡಿದರು ಅಂದರೆ ಕಾಯಬೇಡಿ. 72 ಗಂಟೆಯ ಒಳಗೆ ಪೆಪ್, ಅಂದರೆ ಎಚ್‌ಐವಿ ಅಂಟದಂತೆ ತಡೆಯುವ ಮಾತ್ರೆ, ಶುರು ಮಾಡಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೇದು, 28 ದಿನ ನುಂಗಬೇಕು. ರಾತ್ರಿ ಆಗಿದ್ದರೆ ಎಮರ್ಜೆನ್ಸಿಗೇ ಹೋಗಿ "ಪೆಪ್ ಬೇಕು" ಅನ್ನಿ. ಅನುಮಾನ ಇದ್ದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ. ಸಿಫಿಲಿಸ್, ಗೊನೊರಿಯಾ ಥರದ ಲೈಂಗಿಕ ಸೋಂಕುಗಳಿಗೆ ಸುರಕ್ಷಾ ಕ್ಲಿನಿಕ್ ಇದೆ, ಅಲ್ಲೂ ಔಷಧಿ ಉಚಿತ. ಹೆಪಟೈಟಿಸ್ ಬಿ ಲಸಿಕೆ ಚಿಕ್ಕಂದಿನಲ್ಲಿ ಆಗಿಲ್ಲದಿದ್ದರೆ ಈಗ ಹಾಕಿಸಿಕೊಳ್ಳಿ: ಇವತ್ತೊಂದು, ತಿಂಗಳಿಗೊಂದು, ಆರನೇ ತಿಂಗಳಿಗೊಂದು.

ಹೆಂಗಸರಿಗೆ ಒಂದು ಮಾತು ಒತ್ತಿ ಹೇಳಬೇಕು. ಹೆಂಗಸಿನ ಜೊತೆ ಇದ್ದರೆ ಏನೂ ಅಂಟುವುದಿಲ್ಲ ಅಂತ ನಾನೂ ನಂಬಿದ್ದೆ. ತಪ್ಪು. ಗರ್ಭಕೋಶದ ಬಾಯಿಯ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್ ಚರ್ಮಕ್ಕೆ ಚರ್ಮ ತಾಗಿದರೂ ಹರಡುತ್ತದೆ. 30ರಿಂದ 65 ವರ್ಷದವರಿಗೆ ಸರ್ಕಾರದ ಕಡೆಯಿಂದ ವಿಐಎ ಅನ್ನೋ ಪರೀಕ್ಷೆ ಇದೆ, ಐದು ವರ್ಷಕ್ಕೊಮ್ಮೆ ಮಾಡಿಸಬೇಕು. ಗರ್ಭಕೋಶದ ಬಾಯಿಗೆ ವಿನೆಗರ್‌ನಂಥ ದ್ರಾವಣ ಹಚ್ಚಿ, ಬೆಳ್ಳಗಾಗುತ್ತಾ ಅಂತ ನೋಡುತ್ತಾರೆ. ಕೆಲವೇ ನಿಮಿಷದ ಕೆಲಸ, ಸ್ವಲ್ಪ ಚುರುಗುಟ್ಟಬಹುದು, ಅಷ್ಟೇ.

ಮನಸ್ಸಿನ ಆರೋಗ್ಯಕ್ಕೆ ನಾನು ಜಾಸ್ತಿ ಒತ್ತು ಕೊಡುತ್ತೇನೆ. ಬೈ ಇರುವವರಲ್ಲಿ ಖಿನ್ನತೆ, ಆತಂಕ ಹೆಚ್ಚು ಅಂತ ಬೇರೆ ಬೇರೆ ದೇಶಗಳ ಅಧ್ಯಯನಗಳು ಹೇಳಿವೆ. ಕಾರಣ ನಮಗೆ ಗೊತ್ತಿಲ್ವಾ? ಮನೆಯವರು 'ವಯಸ್ಸಿನ ಹುಚ್ಚು' ಅಂತಾರೆ, ಗೇ ಗೆಳೆಯರು 'ನಿನಗೇನು, ಕೊನೆಗೆ ಮದುವೆ ಆಗಿ ಆರಾಮಾಗಿರ್ತೀಯ' ಅಂತಾರೆ. ಎರಡೂ ಕಡೆ ಹೊರಗಿನವರಾಗಿ ಉಳಿದುಬಿಡುತ್ತೇವೆ. ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಬದುಕೋದೇ ಬೇಡ ಅನ್ನಿಸುತ್ತಿದೆ ಅಂದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿಮಾನಸ್, ಸರ್ಕಾರದ ಮನಸ್ಸಿನ ಆರೋಗ್ಯದ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ನಾನು ಒಮ್ಮೆ ರಾತ್ರಿ ಎರಡು ಗಂಟೆಗೆ ಬಚ್ಚಲಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಮಾತಾಡಿದ್ದೇನೆ.

'ಸರಿ ಮಾಡುತ್ತೇನೆ' ಅನ್ನುವವರ ಹತ್ತಿರ ಮಾತ್ರ ಹೋಗಬೇಡಿ. ಯಂತ್ರ ಕಟ್ಟುವವರಿರಲಿ, ಬೋರ್ಡ್ ಹಾಕಿಕೊಂಡ ಡಾಕ್ಟರೇ ಇರಲಿ. ಹೀಗೆ ಬದಲಾಯಿಸುವ ಚಿಕಿತ್ಸೆ ಕೊಡೋದು ವೃತ್ತಿಗೆ ವಿರುದ್ಧವಾದ ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ.

ಗಂಡನಿಗೋ ಹೆಂಡತಿಗೋ ಹೇಳಬೇಕಾ? ಅದು ನಿಮ್ಮ ತೀರ್ಮಾನ. ನಾನು ಹೇಳಿದ್ದು ಮೇ ತಿಂಗಳ ಒಂದು ರಾತ್ರಿ, ಕರೆಂಟ್ ಹೋಗಿತ್ತು, ಮಾಳಿಗೆ ಮೇಲೆ ಚಾಪೆ ಹಾಕಿದ್ದೆವು, ಮಗು ಮಲಗಿತ್ತು. ಹಾಸ್ಟೆಲಿನ ಗೆಳತಿಯ ಕಥೆ ಪೂರ್ತಿ ಹೇಳಿದೆ. ಅವರು ತುಂಬಾ ಹೊತ್ತು ಬೀಸಣಿಗೆ ಬೀಸುತ್ತಲೇ ಇದ್ದರು. ಆಮೇಲೆ "ಈಗ ಬಿಟ್ಟು ಹೋಗ್ತೀಯೇನು?" ಅಂತ ಕೇಳಿದರು. ಇಲ್ಲ ಅಂದೆ. ಬೀಸಣಿಗೆ ಮಗುವಿನ ಕಡೆ ತಿರುಗಿಸಿದರು. ಎರಡು ವಾರ ಮಾತು ಕಮ್ಮಿ ಇತ್ತು, ಆಮೇಲೆ ಒಂದೊಂದೇ ಪ್ರಶ್ನೆ ಬರತೊಡಗಿತು. ಇದು ನನಗೆ ಆದದ್ದು. ಹೊಡೆಯುವ ಮನೆಯಾದರೆ ಹೇಳಲೇಬೇಡಿ, ಮೊದಲು ಕೈಯಲ್ಲಿ ಸ್ವಲ್ಪ ದುಡ್ಡು, ಹೋಗೋಕೆ ಒಂದು ಮನೆ, ಆಧಾರ್ ಕಾರ್ಡ್ ನಿಮ್ಮ ಹತ್ತಿರವೇ ಇರಲಿ. ಜಗಳದ ನಡುವೆ ಹೇಳಬೇಡಿ. ಹೆಂಗಸರಿಗೆ 181 ಸಹಾಯವಾಣಿ ಇದೆ, ವಕೀಲರ ನೆರವು ಬೇಕಂದರೆ 15100, ಹೆಂಗಸರಿಗೆ ಆದಾಯ ಎಷ್ಟಿದ್ದರೂ ಅದು ಉಚಿತ.

ನಿಮ್ಮ ಸಂಗಾತಿ ನಿಮ್ಮದೇ ಲಿಂಗದವರಾಗಿದ್ದರೆ ಕಾಗದಪತ್ರದ ಕಡೆ ಗಮನ ಕೊಡಿ. 2018ರ ಸೆಪ್ಟೆಂಬರ್ 6ರಿಂದ ನಿಮ್ಮ ಸಂಬಂಧ ಅಪರಾಧ ಅಲ್ಲ, ಆದರೆ 2023ರಲ್ಲಿ ಸುಪ್ರೀಂ ಕೋರ್ಟ್ ಮದುವೆಯ ಹಕ್ಕು ಕೊಡಲಿಲ್ಲ. ಹಾಗಾಗಿ ಬ್ಯಾಂಕಿನಲ್ಲಿ ಜಂಟಿ ಖಾತೆ, ನಾಮಿನಿ ಮಾಡಿಸಿಟ್ಟುಕೊಳ್ಳಿ. ಇದಕ್ಕೆ ಅಡ್ಡಿ ಇಲ್ಲ ಅಂತ 2024ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಸ್ಪಷ್ಟ ಮಾಡಿದೆ, ಬ್ಯಾಂಕಿನವರು ತಕರಾರು ಮಾಡಿದರೆ ಅದನ್ನೇ ಹೇಳಿ.

ಕೊನೆಗೆ ಜೊತೆಗಾರರು. ಆ್ಯಪಿನಲ್ಲಿ ಪರಿಚಯ ಆದವರನ್ನು ಮೊದಲ ಸಲ ರೂಮಿನಲ್ಲಿ, ಊರ ಹೊರಗೆ ನೋಡಬೇಡಿ, ಮುಖ ಕಾಣುವ ಬತ್ತಲೆ ಫೋಟೋ ಕಳಿಸಬೇಡಿ. ಬೆದರಿಸಿ ದುಡ್ಡು ಕೇಳಿದರೆ ಒಂದು ರೂಪಾಯಿನೂ ಕೊಡಬೇಡಿ, ಕೊಟ್ಟಷ್ಟೂ ಕೇಳುತ್ತಾರೆ. ಸ್ಕ್ರೀನ್‌ಶಾಟ್ ಇಟ್ಟುಕೊಂಡು ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಾವು ಸಿಗೋದು ಸಂಜೆ ಆರಕ್ಕೆ, ವಗ್ಗರಣಿ ಮಿರ್ಚಿ ಹೋಟೆಲಿನಲ್ಲಿ, ಜನ ಕಿಕ್ಕಿರಿದಿರುವ ಹೊತ್ತಿನಲ್ಲಿ. ಅಷ್ಟು ಗದ್ದಲದಲ್ಲಿ ನಮ್ಮ ಮಾತು ಪಕ್ಕದ ಟೇಬಲ್ಲಿಗೂ ಕೇಳಿಸುವುದಿಲ್ಲ. ಈಗ ಮೂವರಿದ್ದೇವೆ, ಒಬ್ಬರು ಗಂಗಾವತಿಯಿಂದ ಬಸ್ಸಿನಲ್ಲಿ ಬರುತ್ತಾರೆ. ಹೆಪಟೈಟಿಸ್ ಲಸಿಕೆಯ ಮೊದಲ ಡೋಸ್ ಒಟ್ಟಿಗೇ ಹಾಕಿಸಿಕೊಂಡೆವು, ಎರಡನೇದು ಮುಂದಿನ ತಿಂಗಳು.